ಹಾಜಿರಾಬಿ ಬಿಚ್ಚಿ ತೆಗೆದ ತೇಪೆಗಳು

ಇಬ್ರಾಹಿಂಪುರದ ರೈಲು ಹಳಿಯ ಪಕ್ಕದ ಓಣಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ಮಾಘದ ಚಳಿ. ಹಾಜಿರಾಬಿ ಮನೆಯ ಮುಂದಿನ ಕಟ್ಟೆಯ ಮೇಲೆ ಗೋಣಿತಟ್ಟು ಹಾಕಿಕೊಂಡು, ತೊಡೆಯ ಮೇಲೊಂದು ಬಣ್ಣಬಣ್ಣದ ಹಾಸು ಹರಡಿಕೊಂಡು ಕುಳಿತಿದ್ದಾರೆ. ಕೈಯಲ್ಲಿ ಸೂಜಿ ಇದೆ, ಆದರೆ ಹೊಲಿಯುತ್ತಿಲ್ಲ, ಬಿಚ್ಚುತ್ತಿದ್ದಾರೆ. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತುವುದು, ದಾರವನ್ನು ಹಲ್ಲಿನಿಂದ ಕಡಿಯುವುದು, ಕಡಿದ ಎಳೆಯನ್ನು ಬಾಯಿಂದ ತೆಗೆದು ಪಕ್ಕದ ತಟ್ಟೆಗೆ ಹಾಕುವುದು.

ಕೌದಿ ಹೊಲಿಯುವ ಕೈಗಳ ಬಗ್ಗೆ ಬರೆದುಕೊಡಿ ಎಂದು ಪುರವಣಿಯವರು ಕೇಳಿದ್ದರು. ಅದಕ್ಕೆಂದೇ ನಾನು ಜಲನಗರದಿಂದ ಶಾಲು ಹೊದ್ದುಕೊಂಡು, ಟಾಂಗಾ ಸಿಗದೆ ಕಾಲೆಳೆದುಕೊಂಡು ಬಂದಿದ್ದೇನೆ. ಬಂದು ನೋಡಿದರೆ ಈ ಹೆಣ್ಣುಮಗಳು ಹೊಲಿದದ್ದನ್ನೆಲ್ಲ ಕೀಳುತ್ತ ಕುಳಿತಿದ್ದಾರೆ! ಚಾ ಕೂಡ ಕುಡಿಯದೆ ಹೊರಟವಳಿಗೆ ರೇಗದೆ ಇರುತ್ತದೆಯೇ? "ಹೊಲಿಯೂದ ನೋಡಾಕ ಬಂದ್ರ ನೀವು ಬಿಚ್ಚಾಕತ್ತೀರಲ್ರೀ" ಎಂದೆ.

"ಕುಂದರ್ರಿ ಅಕ್ಕಾರ. ಇದು ಬಾವಿ. ಇದನ್ನ ತಗದ ಮ್ಯಾಲ ಚಾ ಮಾಡತೇನಿ. ನಮ್ಮ ಮನಿಯವ್ರ ಗೆಳ್ಯಾ ಯಲಗೂರಪ್ಪ ಬರೂದ್ರಾಗ ಇದು ಹೋಗಬೇಕ್ರಿ" ಎಂದರು ಹಾಜಿರಾಬಿ, ತಲೆ ಎತ್ತದೆ.

ತೊಡೆಯ ಮೇಲಿರುವುದು ಕೌದಿಯಲ್ಲ, ಪಚ್ಚೀಸಿ ಆಡುವ ಹಾಸು. ನಾಲ್ಕು ದಿಕ್ಕಿಗೆ ನಾಲ್ಕು ತೋಳು, ತೋಳಿನ ತುಂಬ ಚೌಕ ಚೌಕ ಮನೆಗಳು. ಆಟ ನಿಮಗೆಲ್ಲ ಗೊತ್ತಿರುವುದೇ: ಕವಡೆ ಚೆಲ್ಲಬೇಕು, ಬಿದ್ದಷ್ಟು ಮನೆ ಕಾಯಿ ನಡೆಸಬೇಕು, ಎದುರಿನವನ ಕಾಯಿ ಇದ್ದ ಮನೆಗೆ ನಿಮ್ಮ ಕಾಯಿ ಬಂದರೆ ಅದನ್ನು ಹೊಡೆಯಬೇಕು. ಹೊಡೆಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು. ಎಲ್ಲ ಕಾಯಿ ಸುತ್ತು ಮುಗಿಸಿ ನಡುಮನೆ ಸೇರಿದವನು ಗೆದ್ದ. ಆದರೆ ಈ ಹಾಸಿನ ಒಂದು ತೋಳಿನಲ್ಲಿ ಕೆಂಪು ಮಕಮಲ್ಲಿನ ಸಣ್ಣ ಚೀಲವೊಂದು ಕೆಳಗಿಳಿಬಿದ್ದಿದೆ. ಅದೇ ಬಾವಿ. ಅದರೊಳಗೆ ಬಿದ್ದ ಕಾಯಿ ಮೇಲೆ ಬರಬೇಕಾದರೆ ದೊಡ್ಡ ಗರವೇ ಬೀಳಬೇಕು. ಇಂಥ ಬಾವಿ ಯಾವ ಪಚ್ಚೀಸಿ ಹಾಸಿನಲ್ಲೂ ನಾನು ಕಂಡಿಲ್ಲ. ಅದು ಹಾಜಿರಾಬಿಯವರದೇ ಯೋಚನೆ.

"ನಿನ್ನಿ ಸಂಜೀಕ ನಮ್ಮ ಮನಿಯವ್ರ ಬೆರಳ ಇದರಾಗ ಸಿಕ್ಕೊಂಡ್ವು. ಕೈ ಜಗ್ಗಿದ್ರ ಸುತ್ತಲಿನ ಕಾಯೆಲ್ಲಾ ಚೆಲ್ಲಾಪಿಲ್ಲಿ. ಯಾವ ಕಾಯಿ ಎಲ್ಲಿತ್ತಂತ ಮತ್ತ ನನ್ನ ಕೇಳೂ ಹಂಗಾತು. ಹಂಗ ಮಂದೀನ್ನ ಕೇಳೂದ ಆಗಬಾರದಂತ ಅಲ್ಲೇನ್ರಿ ಇಷ್ಟೆಲ್ಲಾ ಮಾಡಿದ್ದು?"

ಕೊನೆಯ ಹೊಲಿಗೆ ಬಿಚ್ಚಿಕೊಂಡಿತು. ಒಳಗಿನಿಂದ ಕೆಮ್ಮು, ಆಮೇಲೆ ಒಂದು ದನಿ: "ಬಾವಿ ಹ್ವಾತೇನ?"

"ಹ್ವಾತ್ರಿ" ಎಂದರು ಇವರು. ಮಕಮಲ್ಲಿನ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಸವರಿದರು. ಅದು ಅವರ ಲಗ್ನದ ಕುಪ್ಪಸದ ಅರಿವೆಯಂತೆ. "ಛಂದಿತ್ರಿ ಅಕ್ಕಾರ. ಭಾಳ ಛಂದಿತ್ತು" ಎಂದು ಮಡಚಿ ಸೊಂಟಕ್ಕೆ ಸಿಗಿಸಿಕೊಂಡು ಚಾ ಮಾಡಲು ಒಳಗೆ ಹೋದರು.

ಹಾಜಿರಾಬಿಯವರ ತವರು ತಿಕೋಟಾ. ಮದುವೆಯಾಗಿ ಈ ಓಣಿಗೆ ಬಂದಾಗ ಸೂಜಿ ಹಿಡಿಯಲು ಬರುತ್ತಿರಲಿಲ್ಲವಂತೆ. ಕಲಿಸಿದವರು ಅತ್ತೆ ಚಾಂದಬಿ, ಈಗಿಲ್ಲ. ಒಂದು ತೇಪೆ ಜೋಡಿಸಿ ಮುಗಿಸಿದ ಕೂಡಲೆ ಅತ್ತೆ ಬಂದು ಅದರ ಮೇಲೆ ಅಂಗೈಯ ಹಿಂಬದಿ ಆಡಿಸಿ ನೋಡುತ್ತಿದ್ದರು. ಜೋಡಿಸಿದ ಜಾಗ ಚೂರು ತಗುಲಿದರೂ ಸಾಕು, ಬಿಚ್ಚು, ಮತ್ತೆ ಹೊಲಿ. "ಕೌದ್ಯಾಗ ಕೂಸ ಮಲಗತೈತಿ, ಕೂಸಿಗೆ ಹೊಲಿಗಿ ಚುಚ್ಚಬಾರದು, ಅಂತಿದ್ಲ್ರಿ ನಮ್ಮತ್ತಿ. ಬಿಚ್ಚಿ ಬಿಚ್ಚಿ ನನ್ನ ಕಣ್ಣಾಗ ನೀರ ಬರತಿತ್ತು. ಆದ್ರ ಆಕಿ ಕಲಿಸಿದ್ದ ಇವತ್ತ ಅನ್ನಾ ಹಾಕತೈತಿ."

ಅದು ನಿಜ. ಬಬಲೇಶ್ವರ, ಜೈನಾಪುರ, ತಿಕೋಟಾ ಕಡೆಯ ಹೆಂಗಸರು ಹಳೆ ಸೀರೆಗಳ ಗಂಟು ಕಟ್ಟಿಕೊಂಡು ಸಂತೆಗೆ ಬಂದವರು ಈ ಕಟ್ಟೆಗೆ ಬಂದೇ ಹೋಗುತ್ತಾರೆ. ತೀರಿಕೊಂಡ ಅಜ್ಜನ ಧೋತರ, ಬಸಿರಿನಲ್ಲಿ ಉಟ್ಟ ಸೀರೆ, ಕೂಸಿನ ಮೊದಲ ಅಂಗಿ, ಎಲ್ಲ ಸೇರಿ ಒಂದು ಕೌದಿ ಆಗಬೇಕು. ಹಾಜಿರಾಬಿ ಹೊಲಿದ ಕೌದಿಯ ಮೇಲೆ ಕೈ ಆಡಿಸಿದರೆ ಎಲ್ಲಿ ಧೋತರ ಮುಗಿದು ಎಲ್ಲಿ ಸೀರೆ ಶುರುವಾಯಿತೆಂದು ತಿಳಿಯುವುದಿಲ್ಲ. ನಮ್ಮ ಮನೆಯಲ್ಲೂ ಒಂದಿದೆ. ಚಳಿಗಾಲ ಬಂತೆಂದರೆ ಅದಕ್ಕಾಗಿ ನಮ್ಮಲ್ಲಿ ದಿನಾ ಜಗ್ಗಾಟ.

ಯಜಮಾನರು ಗೈಬುಸಾಬ. ಸ್ಟೇಶನ್ನಿನ ಮುಂದೆ ಟಾಂಗಾ ಓಡಿಸುತ್ತಿದ್ದವರು. ಗಾಡಿ ಬರುವ ತನಕ ಟಾಂಗಾದವರಿಗೆ ಏನು ಕೆಲಸ? ನೆಲದ ಮೇಲೆ ಸುಣ್ಣದ ಗೆರೆ ಎಳೆದು ಪಚ್ಚೀಸಿ. ಜೈನಾಪುರದ ಯಲಗೂರಪ್ಪ ಕುದುರೆಗಳಿಗೆ ಜೋಳದ ಕಣಿಕೆ ತರುತ್ತಿದ್ದ ರೈತ. ಕಣಿಕೆ ಇಳಿಸಿದ ಮೇಲೆ ಎತ್ತುಗಳಿಗೆ ನೀರು ತೋರಿಸಿ ಅವನೂ ಆಟಕ್ಕೆ ಕೂರುತ್ತಿದ್ದ. ಗೈಬುಸಾಬ ಮತ್ತು ಯಲಗೂರಪ್ಪ ಎದುರುಬದುರು ಕೂತರೆಂದರೆ ಗಾಡಿ ಬಂದು ಜನ ಇಳಿದು "ಏ ಟಾಂಗಾ" ಎಂದು ಕೂಗಿದರೂ ಏಳುತ್ತಿರಲಿಲ್ಲವಂತೆ. ಬೈಗುಳವೆಂದರೆ ಬೈಗುಳ! ನೋಡಿದವರು ಇನ್ನೇನು ಕೊಲೆಯಾಗುತ್ತದೆ ಎಂದುಕೊಳ್ಳಬೇಕು, ಅಷ್ಟರಲ್ಲಿ ಇಬ್ಬರೂ ಕಪ್ಪಿನ ಕೆಳಗಿನ ಒಂದೇ ಬಸಿಯಲ್ಲಿ ಚಾ ಕುಡಿಯುತ್ತಿರುತ್ತಿದ್ದರು.

ಆಮೇಲೆ ಗೈಬುಸಾಬರ ಕಣ್ಣು ಹೋಯಿತು. ಒಮ್ಮೆಲೆ ಅಲ್ಲ. ಬದಿಯಿಂದ ಕತ್ತಲೆ ಬರುತ್ತ ಬರುತ್ತ ನಡುವಿನ ಬೆಳಕೂ ಮುಚ್ಚಿತು. ಒಳಗಿನ ನರ ಒಣಗಿದೆ, ಆಪರೇಶನ್ ಮಾಡಿ ಉಪಯೋಗವಿಲ್ಲ ಎಂದು ಡಾಕ್ಟರರು ಕೈಚೆಲ್ಲಿದರು. ಟಾಂಗಾ ಹೋಯಿತು, ಕುದುರೆ ಹೋಯಿತು. ಉಳಿದದ್ದು ಆಟ ಒಂದೇ. ಯಲಗೂರಪ್ಪ ಪ್ರತಿ ಆದಿತ್ಯವಾರ ಈ ಕಟ್ಟೆಗೇ ಬಂದು, ಕವಡೆಯಲ್ಲಿ ಎಷ್ಟು ಬಿತ್ತೆಂದು ಬಾಯಲ್ಲಿ ಹೇಳಿ, ಗೆಳೆಯನ ಕಾಯಿಯನ್ನೂ ತಾನೇ ನಡೆಸಿ ಆಡುತ್ತಿದ್ದ.

ಈ ಭಾಗವನ್ನು ಗೈಬುಸಾಬರೇ ಹೇಳಿದರು. ಒಳಗೆ ಗೋಡೆಗೆ ಒರಗಿ ಕೂತು, ಬಿಸಿ ಚಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಕಣ್ಣಿದ್ದಾಗ ಒಮ್ಮೆ ಗೆದ್ರ ಎರಡ ಸಲ ಸೋಲತಿದ್ದೆ ಬಾಯಾರ. ಕಣ್ಣ ಹ್ವಾದ ಮ್ಯಾಲ ಆಡಿದ್ದೆಲ್ಲಾ ಗೆಲ್ಲಾಕತ್ತೆ! ಮೊದಲ ಮೊದಲ ಖುಷಿ ಆತು. ಆಮ್ಯಾಲ ಅನಸ್ತು, ಇದೇನೋ ಪಾ ಅಂತ. ಒಂದಿನ ಅಂವ ಬಾಯಿ ತೆರಿಯೂದ್ರಾಗ ನಾನ ಕೈ ಹಾಕಿ ಕವಡಿ ಮುಟ್ಟಿದೆ. ಬಿದ್ದದ್ದು ಮೂರು. ಅಂವ ಅಂದದ್ದು ಇಪ್ಪತ್ತೈದು."

ಅಷ್ಟೇ. ಗೈಬುಸಾಬ ಎದ್ದು ಒಳಗೆ ಹೋದವರು ಮತ್ತೆ ಕಟ್ಟೆಗೆ ಬರಲಿಲ್ಲ. ಎರಡು ಮಳೆಗಾಲ ಕಳೆದವು. ಯಲಗೂರಪ್ಪ ಮಾತ್ರ ಆದಿತ್ಯವಾರ ತಪ್ಪಿಸಲಿಲ್ಲ. ಬಂದು ಹೊರಗೆ ಕೂತು, ಹೊಲದಿಂದ ತಂದದ್ದನ್ನು ಹಾಜಿರಾಬಿಯವರ ಕೈಗೆ ಕೊಟ್ಟು, ಒಳಗಿನಿಂದ ದನಿ ಬರುತ್ತದೇನೋ ಎಂದು ಕಾಯ್ದು, ಬರದಿದ್ದಾಗ ಎದ್ದು ಹೋಗುತ್ತಿದ್ದ. "ನಾ ನಡುವ ಕುಂತ ಇಬ್ರನ್ನೂ ನೋಡಬೇಕ್ರಿ. ಹೊರಗ ಒಂದ ಜೀವ ಸುಮ್ಮ ಕುಂತೈತಿ, ಒಳಗ ಒಂದ ಜೀವ ಸುಮ್ಮ ಕುಂತೈತಿ" ಎನ್ನುತ್ತಾರೆ ಹಾಜಿರಾಬಿ.

ಒಂದು ಮಧ್ಯಾಹ್ನ ಗೈಬುಸಾಬ ಮಗ್ಗುಲಲ್ಲಿದ್ದ ಅರೆಹೊಲಿದ ಕೌದಿಯ ಮೇಲೆ ಕೈಯಿಟ್ಟು "ಇದು ಇಲಕಲ್ ಸೀರಿ ಅಲ್ಲೇನ? ಇದು ಖಾದಿ" ಎಂದರು. ಹಾಜಿರಾಬಿಯವರಿಗೆ ಆಗ ಹೊಳೆಯಿತು. ಬೆರಳಿಗೆ ಇಷ್ಟು ತಿಳಿಯುವುದಾದರೆ ಆಟ ಯಾಕೆ ತಿಳಿಯಬಾರದು? ಯಾರನ್ನೂ ಕೇಳದೆ, ಯಾರೂ ಹೇಳದೆ, ತಾವೇ ನೋಡಿಕೊಂಡು ಆಡುವಂಥ ಒಂದು ಹಾಸು ಹೊಲಿದರೆ ಮನುಷ್ಯ ಹೊರಗೆ ಬಂದಾನು.

ಕೈತೊಳೆದುಕೊಂಡು ಬೆನ್ನುಹತ್ತಿದರು. ಪೆಟ್ಟಿಗೆಯಲ್ಲಿದ್ದ ಮೆತ್ತನೆಯ ಹಳೆ ಸೀರೆಗಳನ್ನೇ ಆರಿಸಿದರು. ಕೆಂಪು, ಹಸಿರು, ಹಳದಿ, ಕಣ್ಣು ತುಂಬುವ ಬಣ್ಣ. ಜೀವಮಾನದಲ್ಲೇ ಅಷ್ಟು ನಾಜೂಕಾಗಿ ಹೊಲಿದಿರಲಿಲ್ಲವಂತೆ. ಮುಗಿಸಿ ಗಂಡನ ಮುಂದೆ ಹಾಸಿ, ಕೈ ಹಿಡಿದು ಅದರ ಮೇಲೆ ಇಟ್ಟರು. ಗೈಬುಸಾಬ ಆ ತುದಿಯಿಂದ ಈ ತುದಿಗೆ ಸವರಿದರು. ಮತ್ತೊಮ್ಮೆ ಸವರಿದರು. "ಭಾಳ ನುಣ್ಣಗ ಐತಿ. ಯಾರ ಚಾದರ?" ಎಂದರು!

ನಾನು ನಗಬಾರದಿತ್ತು, ನಕ್ಕುಬಿಟ್ಟೆ. ಹಾಜಿರಾಬಿಯವರೂ ನಕ್ಕರು. "ಅವತ್ತೂ ನಕ್ಕೆ ಅಕ್ಕಾರ. ನಕ್ಕು ನಕ್ಕು ಆಮ್ಯಾಲ ಅತ್ತೆ. ಕಣ್ಣಿಲ್ಲದವ್ರಿಗೆ ಬಣ್ಣ ಹುಡುಕಿದೆ. ಹೊಲಿಗಿ ತಿಳಿಯಬಾರದಂತ ಜೀವ ಸವಿಸಿದೆ. ತಿಳಿಯಬೇಕಾಗಿದ್ದ ಅದ!"

ಹೊಲಿಗೆ ಗೊತ್ತಾಗಬಾರದೆಂಬುದು ಯಾವ ಕೈಯ ಅಭಿಮಾನವೋ, ಆ ಕೈ ಈಗ ಗೊತ್ತಾಗುವಂತೆ ಹೊಲಿಯಬೇಕಿತ್ತು. ಹೇಳಿದಷ್ಟು ಸುಲಭವಲ್ಲ ಅದು. ಬೇಕೆಂದೇ ದಪ್ಪ ಹೊಲಿಗೆ ಹಾಕಲು ಕೂತರೆ ಬೆರಳುಗಳು ತಮ್ಮಷ್ಟಕ್ಕೆ ತಾವೇ ಸಣ್ಣ ಹೊಲಿಗೆ ಹಾಕಿಬಿಡುತ್ತಿದ್ದವು. ಕೊನೆಗೆ ಸೂಜಿಯನ್ನು ಎಡಗೈಗೆ ಕೊಟ್ಟರು. ಹೊಲಿಗೆ ಉಬ್ಬಿತು, ನಿಜ. ಆದರೆ ಒಂದು ಮನೆ ದೊಡ್ಡದು, ಒಂದು ಸಣ್ಣದು, ಒಂದು ಮನೆಯಂತೂ ಮೂರೇ ಮೂಲೆಯದು. ಬೆರಳು ಎಣಿಕೆ ತಪ್ಪಿತು. ಮತ್ತೆ ಬಿಚ್ಚಿದರು. ಆಮೇಲೆ ಬಲಗೈಯಲ್ಲೇ ಹೊಲಿದು, ಪ್ರತಿ ಜೋಡಣೆಯ ಒಳಗೆ ಹುರಿ ಹಾಕಿದ ದಾರ ಸೇರಿಸಿದರು. ಮನೆಯಿಂದ ಮನೆಗೆ ಹೋಗುವಾಗ ಬೆರಳಿಗೆ ಒಂದು ದಿಂಡು ದಾಟಿದಂತಾಗುತ್ತದೆ. ಹೊಡೆಯಬಾರದ ಕಟ್ಟೆಮನೆಗಳಿಗೆ ನಡುವೆ ಗಂಟು.

ಈ ಸೊಟ್ಟ ಸೊಟ್ಟ ಹೊಲಿಗೆಗಳ ಕಾಲದಲ್ಲೇ ನಮ್ಮ ಜಲನಗರದ ಗಿರಾಕಿಯೊಬ್ಬರು ಬಂದು, ಕಟ್ಟೆಯ ಮೇಲೆ ಬಿದ್ದಿದ್ದ ಎಡಗೈ ಹಾಸನ್ನು ಎತ್ತಿ ನೋಡಿ ಮೂಗು ಮುರಿದರು. ತಾವು ತಂದಿದ್ದ ಸೀರೆಯ ಗಂಟನ್ನು ಹಾಗೇ ಹೊತ್ತು ಹೋದರು. ಹಾಜಿರಾಬಿಯ ಕೈ ಕೆಟ್ಟಿತೆಂದು ಓಣಿಯಲ್ಲೆಲ್ಲ ಮಾತಾಯಿತು. "ನಮ್ಮತ್ತಿ ಇದ್ದಿದ್ರ ಏನಂತಿದ್ಲೋ ಅಂತ ಆವಾಗ ಭಾಳ ಸಂಕಟಾತ್ರಿ. ಯಾರಿಗೆ ಏನಂತ ಹೇಳ್ಲಿ? ಬೇಕಂತ ಕೆಡಿಸೇನಿ ಅಂದ್ರ ಯಾರ ನಂಬತಾರ?" ಆ ಗಿರಾಕಿ ಯಾರೆಂದು ನನಗೆ ಗೊತ್ತು. ಇದನ್ನು ಓದುತ್ತಿದ್ದರೆ ಗಂಟು ವಾಪಸು ತರಲಿ.

ಹಾಸು ಸಿದ್ಧವಾದ ಮೇಲೆ ಹಾಜಿರಾಬಿಯವರ ತಲೆಗೆ ಯೋಚನೆಗಳ ಜಾತ್ರೆಯೇ ಹತ್ತಿತು. ಕಾಯಿಗಳಿಗೆ ಗೆಜ್ಜೆ ಕಟ್ಟಿದರೆ ಹೇಗೆ? ನಡೆಸಿದಾಗ ದನಿ ಬರುತ್ತದೆ, ಯಾರ ಕಾಯಿ ಯಾವ ಕಡೆ ಹೋಯಿತೆಂದು ಕಿವಿಗೆ ತಿಳಿಯುತ್ತದೆ. ಕಟ್ಟಿದರು. ಸಂಜೆ ಗೂಡ್ಸ್ ಗಾಡಿ ಹಾಯ್ದು ಹೋಯಿತು. ಹಳಿಯ ಪಕ್ಕದ ಮನೆ, ನೆಲ ಅದುರಿತು, ಕಾಯಿಗಳೆಲ್ಲ ತಾವೇ ಝಲ್ ಝಲ್ ಎನ್ನತೊಡಗಿದವು. "ಆಟದಾಗ ದೆವ್ವ ಹೊಕ್ಕೈತೇನ" ಎಂದು ಗೈಬುಸಾಬ ಕೈ ಹಿಂದಕ್ಕೆ ತೆಗೆದರಂತೆ. ಗೆಜ್ಜೆ ಹೋದವು. ಈಗ ಅವು ಪಕ್ಕದ ಮನೆಯ ಬಾನುಬಿಯವರ ಆಡಿನ ಕೊರಳಲ್ಲಿವೆ.

ಕಟ್ಟೆಮನೆ ಮೂಗಿಗೆ ತಿಳಿಯಲೆಂದು ಅದರೊಳಗೆ ಲವಂಗ ಇಟ್ಟು ಹೊಲಿದರು. ಎಂಟು ದಿನದಲ್ಲಿ ಹಾಸೆಲ್ಲ ಲವಂಗದ ವಾಸನೆ. ಅದೂ ಸಾಲದೆಂದು ಆಟದ ನಡುವೆ ಯಜಮಾನರಿಗೆ ಎಲೆ ಅಡಿಕೆಯ ನೆನಪು. ಲವಂಗವನ್ನು ಬಿಚ್ಚಿ ತೆಗೆದು ಚಾಕ್ಕೆ ಹಾಕಿದರು. ನಾಲ್ಕು ಜನ ಆಡುವ ಆಟ ಇಬ್ಬರಿಗೆ ಇಳಿಯಿತು, ಯಾಕೆಂದರೆ ನಾಲ್ವರ ಕೈ ಒಂದೇ ಹಾಸಿನ ಮೇಲೆ ಓಡಾಡಿದರೆ ಯಾವುದು ಕಾಯಿ, ಯಾವುದು ಬೆರಳು? ಕಟ್ಟಿಗೆಯ ಕಾಯಿಗಳು ಮುಟ್ಟಿದರೆ ಉರುಳುತ್ತವೆಂದು ಅವನ್ನೂ ತೆಗೆದು, ಉಸುಕು ತುಂಬಿದ ಪುಟ್ಟ ಚೀಲಗಳನ್ನು ಮಾಡಿದರು. ಗೈಬುಸಾಬರದು ಗೋಣಿಯ ಚೀಲ, ಎದುರಿನವರದು ಮಕಮಲ್ಲು. ಇವು ಗೂಡ್ಸ್ ಗಾಡಿಗೂ ಜಗ್ಗುವುದಿಲ್ಲ.

ಒಂದು ಯೋಚನೆಯನ್ನು ಮಾತ್ರ ಗೈಬುಸಾಬರೇ ಕಿತ್ತುಹಾಕಿದರು. ಎದುರಿಗೆ ಕೂತವರ ಕಣ್ಣಿಗೂ ಅರಿವೆ ಕಟ್ಟಬೇಕು, ಆಗ ಇಬ್ಬರೂ ಸರಿಸಮ ಎಂದು ಹಾಜಿರಾಬಿ ಕಪ್ಪು ಪಟ್ಟಿಯೊಂದನ್ನು ಹೊಲಿದಿಟ್ಟಿದ್ದರು. ಯಜಮಾನರು ಅದನ್ನು ಮುಟ್ಟಿ ನೋಡಿ ಏನೆಂದು ಕೇಳಿದರು. ಹೇಳಿದ ಮೇಲೆ ಅದನ್ನು ಮಡಚಿ ಹೆಂಡತಿಯ ಕೈಗೇ ಕೊಟ್ಟರಂತೆ. "ಮಂದಿ ಕಣ್ಣ ಕಟ್ಟಿದ್ರ ನನಗೇನ ಕಣ್ಣ ಬರತಾವೇನ? ಬ್ಯಾಡ. ಅಂವ ನೋಡಿ ಆಡ್ಲಿ, ನಾ ಮುಟ್ಟಿ ಆಡತೇನಿ. ಆದ್ರ ಕವಡಿ ಬಿದ್ದ ಕೂಡ್ಲೆ ಇಬ್ರದೂ ನಾ ಮುಟ್ಟಬೇಕು. ಅಷ್ಟ ಸಾಕ" ಎಂದರು. ಆ ಪಟ್ಟಿ ಈಗ ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವ ಅರಿವೆಯಾಗಿದೆ. ಕೌದಿ ಹೊಲಿಯುವವರ ಮನೆಯಲ್ಲಿ ಬಿಸಾಡುವ ತುಂಡು ಎಂಬುದಿಲ್ಲ. ಆಟಕ್ಕೆ ಬೇಡವಾದದ್ದೆಲ್ಲ ಓಣಿಯಲ್ಲಿ ಒಂದಿಲ್ಲೊಂದು ಕೆಲಸಕ್ಕೆ ಸೇರಿಕೊಂಡಿದೆ. ಬೆಳಿಗ್ಗೆ ಬಿಚ್ಚಿದ ಬಾವಿಗೂ ಜಾಗ ಗೊತ್ತಾಗಿದೆ: ಇದೇ ಓಣಿಯ ಶಹಜಾದಿಯ ಕೂಸಿನ ತಲೆಗೊಂದು ಕುಂಚಿಗೆ, ಅದರ ಅಂಚಿಗೆ ಈ ಕೆಂಪು.

"ಬಿಚ್ಚೂವಾಗ ಕೆಟ್ಟ ಅನಸೂದಿಲ್ಲೇನ್ರಿ?" ಎಂದು ಕೇಳಿದೆ.

"ಅನಸತೈತ್ರಿ. ಯಾಕನಸೂದಿಲ್ಲ? ನಂದ ಬುದ್ಧಿ, ನನ್ನ ಕೈಲೆ ತಗೀಬೇಕಂದ್ರ? ಆದ್ರ ನಾ ಹೊಲಿಯಾಕತ್ತಿದ್ದು ನನ್ನ ಬುದ್ಧಿ ತೋರಸಾಕಲ್ಲ. ಅವ್ರು ಹೊರಗ ಬರಲಿ ಅಂತ."

ಹೊರಗೆ ಬರುವುದಕ್ಕೆ ಇನ್ನೊಂದು ಅಡ್ಡಿ ಇತ್ತು. ಇಷ್ಟು ದಿನ ಹೆಂಡತಿಯ ಜೊತೆಗೇ ಆಡಿ ನೋಡಿದ ಗೈಬುಸಾಬರಿಗೆ ಹೆಂಡತಿಯ ಮೇಲೂ ಅನುಮಾನ. "ಈಕಿನೂ ಸೋತ ಕೊಡತಾಳ" ಎಂದು ಮುಖ ತಿರುಗಿಸಿದರು. ಹಾಜಿರಾಬಿ ಸೆರಗು ಬಾಯಿಗೆ ಹಿಡಿದು "ಒಂದೆರಡ ಸಲ ಕೊಟ್ಟೇನ್ರಿ, ಖರೇ" ಎಂದು ನನ್ನ ಕಿವಿಯಲ್ಲಿ ಒಪ್ಪಿಕೊಂಡರು. ಹೋದ ವಾರ ಗೈಬುಸಾಬರೇ ಬಾಯಿಬಿಟ್ಟು, ಯಲಗೂರಪ್ಪ ಬರಲಿ, ಆಡುತ್ತೇನೆ ಎಂದರು. ಜೊತೆಗೆ ಒಂದು ಮಾತು: "ಮತ್ತ ಕನಿಕರ ತೋರಿಸಿದಾ ಅಂದ್ರ ಅಂವಂದು ನಂದು ಮುಗೀತು."

ಅಂದರೆ ಈ ಹೊತ್ತು ಪಣಕ್ಕೆ ಬಿದ್ದಿರುವುದು ಬರೀ ಆಟವಲ್ಲ, ಇಬ್ಬರ ಸ್ನೇಹ. ನನ್ನ ಚಾ ಆರಿಹೋಗಿದ್ದು ನನಗೇ ಗೊತ್ತಾಗಲಿಲ್ಲ.

ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಯಲಗೂರಪ್ಪ ಬಂದ. ಎತ್ತರದ ಆಳು, ಕೆಂಪು ರುಮಾಲು, ಕೈಯಲ್ಲಿ ಸುಟ್ಟ ಎಳೆಜೋಳದ ಸೀತನಿಯ ಗಂಟು. "ವೈನೀ, ಬಿಸಿ ಐತಿ, ತಗೋರಿ" ಎಂದು ಕೊಟ್ಟು, ಕಟ್ಟೆಯ ತುದಿಯಲ್ಲಿ ಕುಂಡೆ ಊರದಂತೆ ಕೂತ. ಹೆದರಿದ್ದಾನೆ. ಯಾಕೆ ಹಾಗೆ ಮಾಡಿದಿರಿ ಎಂದು ಮೆಲ್ಲಗೆ ಕೇಳಿದೆ. "ಕಣ್ಣ ಹ್ವಾದ ಮ್ಯಾಲ ಅಂವ ನಗೂದ ಬಿಟ್ಟಿದ್ದ ರೀ ಬಾಯಾರ. ಗೆದ್ದಾಗಷ್ಟ ನಗತಿದ್ದ. ಅದನ್ನ ನೋಡೂ ಆಸೇಕ ಸುಳ್ಳ ಹೇಳಿದೆ" ಎಂದ.

ಬಾಗಿಲ ಚೌಕಟ್ಟು ಹಿಡಿದುಕೊಂಡು ಗೈಬುಸಾಬ ಹೊರಗೆ ಬಂದರು. ಓಣಿಯವರೆಲ್ಲ ಇಣುಕುತ್ತಿದ್ದಾರೆ.

"ಬಂದೇನ?"

"ಬಂದೇನಪಾ."

"ಕುಂದರ ಹಂಗಾರ."

ಎರಡು ಮಳೆಗಾಲದ ಮಾತು ಅಷ್ಟರಲ್ಲೇ ಮುಗಿಯಿತು. ಹಾಜಿರಾಬಿ ಹಾಸು ಹರಡಿದರು, ಕವಡೆಗೆಂದು ಸಣ್ಣ ಬುಟ್ಟಿ ಇಟ್ಟರು. ಆಟ ಶುರುವಾಯಿತು. ಕವಡೆ ಬೀಳುತ್ತದೆ, ಗೈಬುಸಾಬರ ಬೆರಳು ಬುಟ್ಟಿಯೊಳಗೆ ಹೋಗಿ ಬಾಯಿ ಮೇಲಾದವು ಎಷ್ಟು, ಬೆನ್ನು ಮೇಲಾದವು ಎಷ್ಟು ಎಂದು ಮುಟ್ಟಿ ಹೇಳುತ್ತದೆ. ಆಮೇಲೆ ಅದೇ ಬೆರಳು ದಿಂಡು ದಿಂಡು ದಾಟುತ್ತ ಮನೆ ಎಣಿಸುತ್ತದೆ. ಎದುರಿನವನು ಕಾಯಿ ನಡೆಸಿದ ಮೇಲೂ ಒಮ್ಮೆ ಇಡೀ ಹಾಸನ್ನು ಸವರಿ, ಯಾವುದು ಎಲ್ಲಿ ಬಂತೆಂದು ನೋಡಿಕೊಳ್ಳುತ್ತದೆ. ನಡುವೆ ಒಂದು ಗಾಡಿ ಹಾಯ್ದುಹೋಯಿತು, ಕಟ್ಟೆ ನಡುಗಿತು, ಕಾಯಿಗಳು ಕದಲಲಿಲ್ಲ. ಹಾಜಿರಾಬಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಆಟ ಬಿಗಿಯಾಯಿತು. ಇಬ್ಬರದೂ ಬಹಳಷ್ಟು ಕಾಯಿ ಹಣ್ಣಾಗಿ ನಡುಮನೆ ಸೇರಿವೆ. ಗೈಬುಸಾಬರ ಕೊನೆಯ ಕಾಯಿ ಸುತ್ತು ಮುಗಿಸಿ, ನಡುಮನೆಯ ಕಡೆ ತಿರುಗುವ ಮೂಲೆಗೆ ಬಂದು ನಿಂತಿದೆ. ಅದರ ಹಿಂದೆ ನಾಲ್ಕು ಮನೆ ದೂರದಲ್ಲಿ ಯಲಗೂರಪ್ಪನ ಮಕಮಲ್ಲಿನ ಕಾಯಿ. ಯಲಗೂರಪ್ಪ ಕವಡೆ ಚೆಲ್ಲಿದ. ಗೈಬುಸಾಬ ಮುಟ್ಟಿ "ನಾಕ" ಎಂದರು.

ಹೊಡೆಯಬೇಕು. ಹೊಡೆದರೆ ಗೆಳೆಯನ ಕಾಯಿ ಮತ್ತೆ ಮೊದಲಿನಿಂದ. ಯಲಗೂರಪ್ಪನ ಕೈ ಆ ಕಾಯಿಯ ತನಕ ಹೋಯಿತು, ನಿಂತಿತು. ಆಚೆ ತೋಳಿನಲ್ಲಿದ್ದ ಬೇರೊಂದು ಕಾಯಿ ಎತ್ತಿ ನಾಲ್ಕು ಮನೆ ನಡೆಸಿ "ಆತು" ಎಂದ. ಹಾಜಿರಾಬಿ ಕಂಡರು. ನಾನು ಕಂಡೆ. ಅಯ್ಯೋ ಪುಣ್ಯಾತ್ಮ, ಮತ್ತೆ ಅದೇ ಕೆಲಸ ಮಾಡಿದೆಯಲ್ಲೋ ಎಂದು ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಗೈಬುಸಾಬರ ಬೆರಳು ಎಂದಿನಂತೆ ಹಾಸಿನ ಮೇಲೆ ಹೊರಟಿತು. ಆಚೆ ತೋಳಿಗೆ ಹೋಯಿತು, ಈಚೆ ಬಂತು, ತಮ್ಮ ಕಾಯಿಯ ಹಿಂದೆ ಮನೆ ಎಣಿಸುತ್ತ ಹೋಗಿ ಮಕಮಲ್ಲು ತಗುಲಿದ ಕೂಡಲೆ ನಿಂತಿತು.

"ಯಲಗೂರಾ."

"ಹಾಂ."

"ನನ್ನ ಕಾಯಿ ಇಲ್ಲೈತಿ. ನಿಂದು ಇಲ್ಲೈತಿ. ನಡುವ ಎಷ್ಟ ಮನಿ?"

ಗೈಬುಸಾಬ ಉಗುರಿನಿಂದ ಒಂದೊಂದೇ ದಿಂಡು ತಟ್ಟುತ್ತ ತಾವೇ ಎಣಿಸಿದರು. "ನಾಕ. ನಿನಗ ಬಿದ್ದದ್ದೆಷ್ಟ?"

"ನಾಕ... ನನಗ ಕಾಣಲಿಲ್ಲೋ ಗೈಬ್ಯಾ."

"ನಿನಗ ಕಾಣಲಿಲ್ಲ. ನನಗ ಕಂಡೈತಿ" ಎಂದರು ಗೈಬುಸಾಬ.

ಹಾಜಿರಾಬಿ ಕಂಬವನ್ನು ಹಿಡಿದುಕೊಂಡಿದ್ದಾರೆ. ಮುಗಿಯಿತು ಎಂದುಕೊಂಡೆ ನಾನು. ಎದ್ದು ಒಳಗೆ ಹೋಗುತ್ತಾರೆ, ಇನ್ನು ಈ ಬಾಗಿಲು ತೆರೆಯುವುದಿಲ್ಲ. ಆದರೆ ಆ ಮನುಷ್ಯ ಏಳಲಿಲ್ಲ. ಅವರ ಮುಖದ ಮೇಲೆ ಸಣ್ಣಗೆ ನಗೆ ಹರಡಿತು.

"ಮೊದಲ ನೀ ಮೋಸ ಮಾಡಿದ್ರ ನನಗ ತಿಳೀತಿದ್ದಿಲ್ಲ. ಅದಕ್ಕ ಸಿಟ್ಟ ಬಂದಿತ್ತು. ಈಗ ಸಿಕ್ಕಬಿದ್ದಿ. ಸಿಕ್ಕಬಿದ್ದ ಕಳ್ಳನ ಮ್ಯಾಲ ಸಿಟ್ಟ ಯಾಕ? ಆ ಕಾಯಿ ಮೊದಲಿದ್ದಲ್ಲೆ ಇಡ. ಇದನ್ನ ಹೊಡಿ."

"ಮನಸ ಬರೂದಿಲ್ಲೋ."

"ಮನಸ ಬ್ಯಾಡೋ ಹುಚ್ಚಾ, ಕೈ ಸಾಕ. ಹೊಡಿ."

ಯಲಗೂರಪ್ಪ ಹೊಡೆದ. ಅವನ ಕಣ್ಣೀರು ಹಾಸಿನ ಮೇಲೆ ಬೀಳುತ್ತಿತ್ತು. ಗೈಬುಸಾಬ ಹೊಡೆಸಿಕೊಂಡ ಗೋಣಿಯ ಕಾಯಿಯನ್ನು ಕೈಗೆ ತೆಗೆದುಕೊಂಡು, ಅದರ ಭಾರ ನೋಡುವಂತೆ ಹಿಡಿದು, ಪಕ್ಕಕ್ಕಿಟ್ಟರು. "ಹಾಂ. ಈಗ ಆಟ" ಎಂದು ಕವಡೆಗೆ ಕೈ ಚಾಚಿದರು.

ಆಮೇಲೆ ಯಲಗೂರಪ್ಪ ಹೊಡೆಯುವ ಕೈ ತಡೆಯಲಿಲ್ಲ. ತಡೆದರೂ ಬಿಡುವವರು ಯಾರು? ಅವನ ಕೊನೆಯ ಕಾಯಿ ನಡುಮನೆ ಸೇರಿದಾಗ ಗೈಬುಸಾಬರದು ಇನ್ನೂ ಅರ್ಧ ದಾರಿಯಲ್ಲಿತ್ತು. ಗೈಬುಸಾಬ ಹಾಸಿನ ಮೇಲೆ ಕೈಯಿಂದ ಒಂದು ಏಟು ಹಾಕಿದರು.

"ಈ ಹೊಲಿಗಿನ ಸರಿ ಇಲ್ಲ! ಆ ತೋಳಿನಾಗ ಮನಿ ಸಣ್ಣ ಹೊಲದಾಳ. ಇಲ್ಲಂದ್ರ ಇಂವ ಗೆಲ್ಲತಿದ್ದೇನ?"

"ಕುಣಿಯಾಕ ಬಾರದಾಕಿ ನೆಲಾ ಡೊಂಕ ಅಂದ್ಳಂತ" ಎಂದ ಯಲಗೂರಪ್ಪ, ರುಮಾಲಿನಿಂದ ಮೂಗು ಒರೆಸಿಕೊಳ್ಳುತ್ತ.

"ಲೇ, ಬಾಯಿ ಮುಚ್ಚ. ಕಣಿಕಿ ಮಾರೂ ಮಗನ, ನೀ ನನಗ ಹೇಳತಿ? ಇಡ ಕಾಯಿ. ಇನ್ನೊಂದ ಆಟ."

ಆ ಕಾಲದ ಸ್ಟೇಶನ್ ಮುಂದಿನ ಆಟ ಹೇಗಿತ್ತೆಂದು ನಾನು ಕಂಡಿಲ್ಲ, ಇವತ್ತು ಕೇಳಿಸಿತು. ಬೈಗುಳ ಓಣಿಯ ಆ ತುದಿ ತನಕ ಹೋಗುತ್ತಿದೆ. ಕುದುರೆಯ ವಿಷಯ ಬಂತು, ಎಂದೋ ಕೊಡದ ಚಾದ ವಿಷಯ ಬಂತು, ಒಬ್ಬರ ವಂಶಕ್ಕೆ ಇನ್ನೊಬ್ಬರು ಕೈಹಾಕಿದರು. ಬಾನುಬಿ ತಮ್ಮ ಅಂಗಳದಲ್ಲಿ ನಿಂತು ನಗುತ್ತಿದ್ದಾರೆ.

ಹಾಜಿರಾಬಿ ಕಾಣಲಿಲ್ಲ. ಒಳಗೆ ಹೋಗಿ ನೋಡಿದರೆ ಒಲೆಯ ಮುಂದೆ ಕೂತು ಸೀತನಿಯನ್ನು ತಟ್ಟೆಗೆ ಹಾಕುತ್ತಿದ್ದಾರೆ. ಕಣ್ಣು ತುಂಬಿವೆ. ಇಷ್ಟು ಕಷ್ಟಪಟ್ಟು ಹೊಲಿದದ್ದಕ್ಕೆ ಬೈದರಲ್ಲ, ಬೇಜಾರಾಯಿತೇ ಎಂದು ಕೇಳಿದೆ.

"ಬೇಜಾರ ಯಾಕ್ರಿ? ಬೈಲಿ. ಎರಡ ವರ್ಷ ಆಗಿತ್ರಿ ಆ ಬಾಯಾಗ ಒಂದ ಬೈಗುಳಾ ಕೇಳಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಇನ್ನೇನು ಆಸೆ ಇದೆ ನಿಮಗೆ, ಪುರವಣಿಯವರು ಕೊನೆಗೆ ಅದನ್ನು ಬರೆಯಲೇಬೇಕು ಅನ್ನುತ್ತಾರೆ ಎಂದೆ. ಹಾಜಿರಾಬಿ ಹೊರಗಿನ ಗದ್ದಲಕ್ಕೆ ಕಿವಿಗೊಟ್ಟರು.

"ನನಗೇನ್ರಿ ಆಸೆ? ವಾರಕ್ಕೊಂದ ಸಲ ಅವ್ರು ಹಿಂಗ ಖರೇನ ಸೋತು, ಬೈಕೋಂತ ಒಳಗ ಬಂದ್ರ ಸಾಕ."